‘ಮರಳಿ ಮಣ್ಣಿಗೆ’ ಮತ್ತು ಕಡಲ ದಂಡೆಯ ಊರು

ಕೆಲವು ತಿಂಗಳ ಹಿಂದೆ ನಾಲ್ಕಾರು ಮಂದಿ ಸಾಹಿತ್ಯಾಸಕ್ತರು ಸೇರಿದ್ದ ಒಂದು ಸಣ್ಣ ಕೂಟದಲ್ಲಿ ಕರಾವಳಿಯ ಊರುಗಳ ಮಾತು ಬಂತು. ಆ ಮಾತು ಬಂದಾಗ ಎಂದಿನಂತೆ ಡಾ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯ ಹೆಸರೂ ಬಂತು. ಹಿರಿಯರೊಬ್ಬರು, “ಅದು ನಮ್ಮದೇ ಕಥೆಯಲ್ಲವೆ? ಊರು ಬಿಟ್ಟು ಬಂದೆವು, ಕೊನೆಗೊಮ್ಮೆ ಅಲ್ಲಿಗೇ ಮರಳುತ್ತೇವೆ,” ಎಂದರು. ಎಲ್ಲರೂ ತಲೆದೂಗಿದರು. ನಾನೂ ತಲೆದೂಗಿದೆ. ಮನೆಗೆ ಬಂದ ಮೇಲೆ ಏಕೋ ಸಮಾಧಾನವಾಗಲಿಲ್ಲ. ಕಾಲೇಜಿನ ದಿನಗಳಲ್ಲಿ ಓದಿದ್ದ ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡೆ. ಹಾಗೆ ಮತ್ತೆ ಓದುವಾಗ ಎದ್ದ ಕೆಲವು ಸಂಶಯಗಳನ್ನು ಓದುಗರ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಮೊದಲಿಗೆ ಊರಿನ ಮಾತು. ಕಾದಂಬರಿ ನಡೆಯುವುದು ಕೋಟದ ಬಳಿಯ ಕೋಡಿಯಲ್ಲಿ. ಕೋಡಿಯೆಂದರೆ ತುದಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಮರಳಿನ ಪಟ್ಟಿ; ಅದರ ಮೇಲೆ ತೆಂಗು, ನಾಲ್ಕು ಮುಡಿ ಗದ್ದೆ, ಕೆಲವು ಮನೆಗಳು. ಸಾಲಿಗ್ರಾಮದ ಗುರುನರಸಿಂಹ ದೇವಸ್ಥಾನ, ಕೋಟದ ಪೇಟೆ, ಹಂಗಾರಕಟ್ಟೆಯ ಬಂದರು, ಉತ್ತರಕ್ಕೆ ಕೆಲವು ಮೈಲು ಹೋದರೆ ಕುಂದಾಪುರ. ಇಷ್ಟೇ ಅದರ ಪ್ರಪಂಚ. ಈ ದಂಡೆಯ ಊರುಗಳಲ್ಲಿ ಪೇಟೆ ಎಲ್ಲಿ ಮುಗಿಯಿತು, ಹಳ್ಳಿ ಎಲ್ಲಿ ಸುರುವಾಯಿತು ಎಂದು ಹೇಳುವುದು ಕಷ್ಟ. ಒಂದು ಊರಿನ ತೆಂಗಿನ ತೋಟ ಮುಗಿಯುವ ಮುನ್ನ ಇನ್ನೊಂದು ಊರಿನ ತೋಟ ತೊಡಗಿರುತ್ತದೆ.

ಇಂಥ ಊರಿನ ಚರಿತ್ರೆಯನ್ನು ನಾವು ಬರೆಯುವ ಕ್ರಮವೊಂದಿದೆ. ನಮ್ಮ ಸಂಸ್ಥೆಗಳ ಸ್ಮರಣ ಸಂಚಿಕೆಗಳನ್ನು ತಿರುವಿದವರಿಗೆ ಅದು ಚೆನ್ನಾಗಿ ಗೊತ್ತು. ಮೊದಲು ಸ್ಥಳಪುರಾಣ, ಆಮೇಲೆ ಬಾರಕೂರಿನ ಆಳುಪರು, ಅವರ ನಂತರ ಬಾರಕೂರು ರಾಜ್ಯವನ್ನು ಆಳಿದ ವಿಜಯನಗರದ ಅಧಿಕಾರಿಗಳು, ಬಸರೂರಿನ ಬಂದರಿಗೆ ಬಂದ ಪೋರ್ಚುಗೀಸರು, 1665ರಲ್ಲಿ ಅದೇ ಬಸರೂರಿನ ಮೇಲೆ ಹಡಗುಗಳೊಡನೆ ಬಂದೆರಗಿದ ಶಿವಾಜಿ, ಬಿದನೂರನ್ನು 1763ರಲ್ಲಿ ಗೆದ್ದ ಹೈದರಾಲಿ, 1799ರಲ್ಲಿ ಬಂದ ಇಂಗ್ಲಿಷರು. ಇಷ್ಟಾದ ಮೇಲೆ ಊರಿನಿಂದ ಹೊರಗೆ ಹೋಗಿ ಹೆಸರು ಗಳಿಸಿದವರ ಪಟ್ಟಿ. ಇವೆಲ್ಲ ಸುಳ್ಳಲ್ಲ. ಆದರೆ ಬಾರಕೂರು, ಬಸರೂರುಗಳ ವೈಭವ ಮುಗಿದ ಮೇಲೂ ಆ ದಂಡೆಯಲ್ಲಿ ಜನ ಇದ್ದರು, ಉಂಡರು, ಸಾಲ ಮಾಡಿದರು, ಮಕ್ಕಳನ್ನು ಹೆತ್ತರು. ಅವರ ಬಗೆಗೆ ನಮ್ಮ ಸ್ಮರಣ ಸಂಚಿಕೆಗಳು ಮೌನವಾಗಿವೆ. 1801ರಲ್ಲಿ ಈ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕಾನನ್ ಎಂಬ ಪರದೇಶೀಯನೇ ನಮಗಿಂತ ಹೆಚ್ಚು ಕುತೂಹಲದಿಂದ ಇಲ್ಲಿಯ ಮಣ್ಣಿನ ಗುಣ, ಬೆಳೆ, ಗೇಣಿ, ಜಾತಿಗಳನ್ನು ವಿಚಾರಿಸಿ ಬರೆದುಕೊಂಡ. ಆದರೆ ಅವನಿಗೆ ಬೇಕಾಗಿದ್ದುದು ಕಂದಾಯದ ಲೆಕ್ಕ.

ಆ ಮೌನವನ್ನು ತುಂಬಿದ ಕೃತಿ 1941ರಲ್ಲಿ ಬಂದ ‘ಮರಳಿ ಮಣ್ಣಿಗೆ’. ಇದರಲ್ಲಿ ರಾಜರಿಲ್ಲ, ಯುದ್ಧಗಳಿಲ್ಲ. ರಾಮ ಐತಾಳರೆಂಬ ಒಬ್ಬ ಪುರೋಹಿತರ ಮನೆ, ಮೂರು ತಲೆಮಾರು. ಐತಾಳರು, ಅವರ ಮಗ ಲಚ್ಚ, ಲಚ್ಚನ ಮಗ ರಾಮ. ಗಂಡಸರ ಹೆಸರಿನಿಂದ ಹೇಳಿದರೆ ಕಥೆ ಇಷ್ಟೆ. ಇದನ್ನು ಒಂದು ವಂಶದ ಏಳುಬೀಳಿನ ಕಥೆಯೆಂದು, ಅಜ್ಜ ಗಳಿಸಿದ್ದನ್ನು ಮಗ ಕಳೆದು ಮೊಮ್ಮಗ ಮರಳಿ ಪಡೆದ ಕಥೆಯೆಂದು ನಮ್ಮ ವಿಮರ್ಶಕರಲ್ಲಿ ಹಲವರು ವಿವರಿಸಿದ್ದಾರೆ. ಮೊದಲನೆಯ ಓದಿಗೆ ನನಗೂ ಹಾಗೆಯೇ ಕಂಡಿತ್ತು.

ಎರಡನೆಯ ಓದಿನಲ್ಲಿ ಕಣ್ಣಿಗೆ ಬಿದ್ದದ್ದು ಹೆಂಗಸರ ಕೆಲಸ. ಐತಾಳರ ಮೊದಲ ಹೆಂಡತಿ ಪಾರೋತಿ, ಅವರ ವಿಧವೆ ತಂಗಿ ಸರಸೋತಿ. ಇವರಿಬ್ಬರು ಬೆಳಗಾದರೆ ಏನೇನು ಮಾಡುತ್ತಾರೆಂಬುದನ್ನು ಕಾರಂತರು ಪುಟಗಟ್ಟಲೆ ಬರೆಯುತ್ತಾರೆ. ಗದ್ದೆಗೆ ಗೊಬ್ಬರ ಹೊರುವುದು, ಮರಳು ನೆಲದಲ್ಲಿ ತರಕಾರಿಗೆ ನೀರು ಹೊಯ್ಯುವುದು, ಮಳೆಗಾಲದಲ್ಲಿ ಹೊಳೆಯ ನೆರೆಯೊಡನೆ ತೇಲಿಬಂದ ಕಟ್ಟಿಗೆಯನ್ನು ದಂಡೆಗೆಳೆದು ವರ್ಷದ ಉರುವಲು ಕೂಡಿಡುವುದು. ಐತಾಳರು ಪೌರೋಹಿತ್ಯಕ್ಕೆಂದು ಊರೂರು ಸುತ್ತುತ್ತಾರೆ, ದಕ್ಷಿಣೆ ತರುತ್ತಾರೆ, ಗಂಟು ಮಾಡುತ್ತಾರೆ. ಮನೆ ನಿಲ್ಲುವುದು ಈ ಇಬ್ಬರ ಬೆನ್ನಿನ ಮೇಲೆ. ಆದರೂ ಮಕ್ಕಳಿಲ್ಲವೆಂಬ ಕಾರಣಕ್ಕೆ ಐತಾಳರು ಇವರಿಬ್ಬರಿಗೂ ತಿಳಿಸದೆ ಸತ್ಯಭಾಮೆಯನ್ನು ಮದುವೆಯಾಗಲು ಹೊರಡುತ್ತಾರೆ. ಆ ಸಂದರ್ಭದಲ್ಲಿ ಕಾರಂತರು ಪಾರೋತಿಯಿಂದ ದೊಡ್ಡ ಮಾತುಗಳನ್ನಾಡಿಸುವುದಿಲ್ಲ. ಅವಳು ಮರುದಿನವೂ ಕೆಲಸಕ್ಕೆ ಏಳುತ್ತಾಳೆ. ನಮ್ಮ ಭಾಷೆಯ ಕಾದಂಬರಿಗಳಲ್ಲಿ ಹೆಂಗಸಿನ ದುಃಖವನ್ನು ಇಷ್ಟು ಕಡಿಮೆ ಕಣ್ಣೀರಿನಲ್ಲಿ ಹೇಳಿದ ಉದಾಹರಣೆಗಳು ಹೆಚ್ಚಿಲ್ಲ.

ಮೂರನೆಯ ಹೆಂಗಸು ಲಚ್ಚನ ಹೆಂಡತಿ ನಾಗವೇಣಿ. ಗಂಡ ಜೂಜಿಗೂ ಸೂಳೆಗಾರಿಕೆಗೂ ಬಿದ್ದು ಮನೆತನವನ್ನು ತೊಳೆದ; ಅವನಿಂದ ಬಂದ ರೋಗಕ್ಕೆ ಎಳೆಯ ಕೂಸುಗಳನ್ನು ಕಳೆದುಕೊಂಡಳು. ಆಸ್ತಿ ಕೈತಪ್ಪಿದ ಮೇಲೂ ಬದುಕನ್ನು ಕೈಬಿಡದೆ ಉಳಿದ ಒಬ್ಬ ಮಗನನ್ನು ಬೆಳೆಸಿದಳು. ತನಗೆ ಗೊತ್ತಿದ್ದ ಪಿಟೀಲನ್ನೂ ಅವನಿಗೆ ದಾಟಿಸಿದಳು. ಕೊನೆಗೆ ರಾಮ ಊರಿಗೆ ಮರಳುತ್ತಾನೆ ಎಂದರೆ, ಅಲ್ಲಿ ಈ ತಾಯಿ ಇದ್ದಳು ಎಂಬುದರಿಂದಲೇ ಅವನಿಗೆ ಮರಳಲು ಒಂದು ಸ್ಥಳವಿತ್ತು. ಹಿಂದಿನ ಇಬ್ಬರು ಹೆಂಗಸರು ಮರಳಿಗೆ ಗೊಬ್ಬರ ಹೊತ್ತು ಅದನ್ನು ಮಣ್ಣು ಮಾಡಿದ್ದರಿಂದಲೇ ಆ ಜಾಗಕ್ಕೆ ಮಣ್ಣೆಂಬ ಹೆಸರು ಸಲ್ಲುತ್ತದೆ. ಕಾದಂಬರಿಯ ಹೆಸರಿನಲ್ಲಿರುವ ‘ಮರಳಿ’ ಎಂಬ ಮಾತು ಗಂಡಸರದು. ‘ಮಣ್ಣು’ ಎಂಬ ಮಾತು ಹೆಂಗಸರದು ಎಂದು ನನಗೆ ಅನಿಸುತ್ತದೆ. ನಾವು ಮುಂಬಯಿಯಲ್ಲಿ ಕುಳಿತು ಓದುವಾಗ ಮೊದಲನೆಯ ಮಾತನ್ನು ಮಾತ್ರ ಕೇಳಿಸಿಕೊಂಡಿದ್ದೇವೆ.

ಇನ್ನು ಹಣದ ವಿಚಾರ. ಈ ದಂಡೆಯ ಸಮಾಜದಲ್ಲಿ ಆದ ಅತ್ಯಂತ ದೊಡ್ಡ ಬದಲಾವಣೆ ಯಾವುದೆಂದು ಕೇಳಿದರೆ ಹೊಟೇಲು ಎಂದು ಹೇಳಬೇಕಾಗುತ್ತದೆ. ಮಾಟುಂಗಾ ನಿಲ್ದಾಣದ ಪಕ್ಕದ ಊಟದ ಮನೆಗಳನ್ನು ಕಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶೀನಮಯ್ಯನ ಕುಟುಂಬ ಬೆಂಗಳೂರಿಗೆ ಹೋಗಿ ಹೊಟೇಲು ತೆರೆಯುತ್ತದೆ. ಎಂಜಲೆತ್ತುವ, ಕಾಫಿ ಮಾರುವ ಕೆಲಸವೆಂದು ಮೊದಲು ಮೂಗು ಮುರಿದವರು, ಆ ಹಣ ಊರಿಗೆ ಬಂದು ಮನೆಯ ರೂಪದಲ್ಲಿ ಎದ್ದು ನಿಂತಾಗ ಬೆರಗಾಗುತ್ತಾರೆ, ಹೊಟ್ಟೆಕಿಚ್ಚುಪಡುತ್ತಾರೆ. ಪರಸ್ಥಳದ ಹಣ ಊರಿನ ನೆರೆಹೊರೆಯನ್ನು ಹೇಗೆ ಕದಡುತ್ತದೆಂಬುದನ್ನು ಅರ್ಥಶಾಸ್ತ್ರಜ್ಞರು ಬರೆಯುವ ಮೊದಲೇ ಕಾರಂತರು ಬರೆದರು. ನಾವು ಕಳುಹಿಸಿದ ಮನಿಆರ್ಡರುಗಳಿಂದ ಊರು ಉದ್ಧಾರವಾಯಿತೆಂದು ಭಾಷಣ ಮಾಡುವವರು ಈ ಅಧ್ಯಾಯಗಳನ್ನು ಇನ್ನೊಮ್ಮೆ ಓದುವುದು ಒಳ್ಳೆಯದು. ಶೀನಮಯ್ಯನನ್ನು ಮೀರಿಸಬೇಕೆಂಬ ಛಲದಿಂದಲೇ ಐತಾಳರು ಲಚ್ಚನನ್ನು ಇಂಗ್ಲಿಷ್ ಓದಿಗೆ ಹಾಕುತ್ತಾರೆ. ಅಲ್ಲಿಂದಲೇ ಮನೆಯ ಪತನವೂ ತೊಡಗುತ್ತದೆ.

ಇಲ್ಲಿ ಕಾರಂತರ ಬಗೆಗೆ ನನ್ನದೊಂದು ಆಕ್ಷೇಪವಿದೆ. ಲಚ್ಚ ಕೆಡುವುದು ಕುಂದಾಪುರದಲ್ಲಿ. ಪೇಟೆಗೆ ಹೋದ, ಇಂಗ್ಲಿಷ್ ಕಲಿತ, ಕೆಟ್ಟ ಎಂಬ ಕ್ರಮ ಓದುಗನಿಗೆ ತೀರ ಸಿದ್ಧವಾದ ದಾರಿಯಂತೆ ತೋರುತ್ತದೆ. ಐದು ಹೊಳೆಗಳು ಒಂದಾಗಿ ಪಂಚಗಂಗಾವಳಿಯೆಂಬ ಹೆಸರಿನಿಂದ ಕಡಲು ಸೇರುವ ಕುಂದಾಪುರಕ್ಕೂ ಒಂದು ಬದುಕಿತ್ತು. ಕಾರಂತರೇ ಅಲ್ಲಿಯ ಹೈಸ್ಕೂಲಿನಲ್ಲಿ ಓದಿದವರು. ‘ವಸಂತ’ ಪತ್ರಿಕೆಯನ್ನು ಅಲ್ಲಿಂದಲೇ ಹೊರತಂದವರು. ಹೀಗಿದ್ದೂ ಕಾದಂಬರಿಯಲ್ಲಿ ಆ ಊರು ಜೂಜುಕಟ್ಟೆಯಾಗಿ ಮಾತ್ರ ಉಳಿಯುತ್ತದೆ. ಕೋಡಿಯ ಒಬ್ಬ ಮುದುಕಿಗೆ ಸಿಕ್ಕಿದ ನ್ಯಾಯ ಕುಂದಾಪುರದ ಇಡಿಯ ಪೇಟೆಗೆ ಸಿಕ್ಕಿಲ್ಲ. ಲಚ್ಚನಿಗೂ ಸಿಕ್ಕಿಲ್ಲ. ಅವನೇಕೆ ಹಾಗಾದನೆಂದು ಅವನ ಒಳಗಿನಿಂದ ನೋಡುವ ತಾಳ್ಮೆಯನ್ನು ಲೇಖಕರು ತೋರುವುದಿಲ್ಲ.

ರಾಮನ ವಿಷಯಕ್ಕೆ ಬರೋಣ. ಅವನು ಓದಲು ಮದರಾಸಿಗೆ ಹೋಗುತ್ತಾನೆ. ಆಮೇಲೆ ಕೆಲಸ ಹುಡುಕಿ ಮುಂಬಯಿಗೆ ಬರುತ್ತಾನೆ. ಇದರ ಹಿಂದೆ ಒಂದು ಚರಿತ್ರೆಯಿದೆ. ಒಂದೇ ಆಗಿದ್ದ ಕೆನರಾ ಜಿಲ್ಲೆಯನ್ನು ಇಂಗ್ಲಿಷರು 1860ರಲ್ಲಿ ಎರಡು ಮಾಡಿದರು. 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತು. ಕುಂದಾಪುರ ತಾಲೂಕು ಮಾತ್ರ ದಕ್ಷಿಣದೊಡನೆ ಮದರಾಸಿನಲ್ಲಿ ಉಳಿಯಿತು. ಆದ್ದರಿಂದ ಹೊನ್ನಾವರ, ಕುಮಟೆಯ ಹುಡುಗನಿಗೆ ಮುಂಬಯಿ ಸರಕಾರದ ಊರಾಯಿತು. ಕೋಟದ ಹುಡುಗನಿಗೆ ಮದರಾಸು ಸರಕಾರದ ಊರು, ಮುಂಬಯಿ ಬರಿಯ ಹೊಟ್ಟೆಪಾಡಿನ ಊರು. ರಾಮನ ಅಲೆದಾಟದಲ್ಲಿ ಈ ವ್ಯತ್ಯಾಸ ತಾನಾಗಿ ಮೂಡಿದೆ. ಓದಿದ್ದು ಒಂದು ಕಡೆ, ಸೆರೆಮನೆ ಕಂಡದ್ದು ಚಳವಳಿಯಲ್ಲಿ, ಅಲೆದದ್ದು ಮುಂಬಯಿಯಲ್ಲಿ, ಎಲ್ಲಿಯೂ ನೆಲೆಯಿಲ್ಲ. ಮುಂಬಯಿಯಲ್ಲಿ ಅವನು ಪಡುವ ಪಾಡನ್ನು ಓದುವಾಗ ನಮ್ಮಲ್ಲಿ ಅನೇಕರಿಗೆ ತಾವು ಮೊದಲು ಬಂದಿಳಿದ ದಿನಗಳ ನೆನಪು ಬಾರದೆ ಇರದು.

ಆದರೆ ಕೊನೆಯ ಭಾಗದಲ್ಲಿ ಕಾದಂಬರಿ ಸ್ವಲ್ಪ ಅವಸರಪಟ್ಟಿದೆ. ಮೊದಲ ಭಾಗದಲ್ಲಿ ಒಂದು ಮಳೆಗಾಲ ಕಳೆಯಲು ಹಲವು ಪುಟ ಬೇಕಾಗಿತ್ತು. ಇಲ್ಲಿ ಒಂದು ಬಾಳಿನ ನಿರ್ಧಾರ ಸಲೀಸಾಗಿ ಮುಗಿಯುತ್ತದೆ. ರಾಮ ಮಾತಾಡುವಾಗ ಅವನ ಹಿಂದೆ ಕಾರಂತರು ಮಾತಾಡುವುದು ಕೇಳಿಸುತ್ತದೆ. ಪಾರೋತಿ, ಸರಸೋತಿಯರ ಹಿಂದೆ ಯಾರೂ ನಿಂತಿರಲಿಲ್ಲ. ಊರಿಗೆ ಮರಳುವುದೇ ಉತ್ತರವೆಂದು ಅಷ್ಟು ದೃಢವಾಗಿ ಬರೆದ ಲೇಖಕರು ಆ ಕಾಲದಲ್ಲಿ ತಾವೇ ಕೋಟವನ್ನು ಬಿಟ್ಟು ದೂರದ ಪುತ್ತೂರಿನಲ್ಲಿ ನೆಲೆಸಿದ್ದರೆಂಬುದನ್ನು ಆಕ್ಷೇಪಣೆಯಾಗಿ ನಾನು ಹೇಳುತ್ತಿಲ್ಲ. ಸಾಲಿಗ್ರಾಮಕ್ಕೆ ಅವರು ಮರಳಿದ್ದು ಎಷ್ಟೋ ವರ್ಷಗಳ ಮೇಲೆ. ದೂರದಿಂದ ನೋಡಿದವರಿಗೆ ಮರಳುವಿಕೆ ಸುಲಭವಾಗಿ ಕಾಣುತ್ತದೆ ಎಂಬ ಅಂಶವನ್ನಷ್ಟೇ ಗಮನಿಸಬೇಕು. ನಮಗೂ ಹಾಗೆಯೇ ಕಾಣುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಕಡಲ ದಂಡೆಯ ಕಾದಂಬರಿಯೆಂದು ನಾವು ಇದನ್ನು ಹೊಗಳುತ್ತೇವೆ. ಕಡಲಿನ ಮೊರೆತ, ಗಾಳಿ, ಹಾರುವ ಮರಳು, ಮಳೆಗಾಲದ ಅಬ್ಬರ ಎಲ್ಲವೂ ಇದರಲ್ಲಿವೆ. ಆದರೆ ಕಡಲಿನಲ್ಲಿ ದುಡಿಯುವವರು ಕಥೆಯ ಕೇಂದ್ರಕ್ಕೆ ಬರುವುದಿಲ್ಲ. ಐತಾಳರ ಮನೆಯಿಂದ ನೋಡಿದರೆ ಕಡಲು ಒಂದು ನೋಟ, ಒಂದು ಭಯ. ಮೊಗವೀರರ ಮನೆಯಿಂದ ನೋಡಿದರೆ ಅದೇ ಗದ್ದೆ. ಮಳೆಗಾಲದಲ್ಲಿ ಕಡಲು ಮುಚ್ಚಿದಾಗ ಆ ಮನೆಗಳಲ್ಲಿ ಒಲೆ ಹೇಗೆ ಉರಿಯುತ್ತಿತ್ತು? ದೋಣಿ ಯಾರದು, ಬಲೆ ಯಾರದು, ಮೀನಿನ ಪಾಲು ಹೇಗೆ ಹಂಚಿಕೆಯಾಗುತ್ತಿತ್ತು? ಇವು ಯಾವುದೂ ಕಾದಂಬರಿಯಿಂದ ತಿಳಿಯುವುದಿಲ್ಲ. ಹಾಗೆಯೇ ಐತಾಳರ ಮನೆಗಾಗಿ ದುಡಿಯುವ ಸೂರ, ಬಚ್ಚಿಯರು ನಿಷ್ಠೆಯ ಪ್ರತೀಕವಾಗಿ ಪ್ರೀತಿಯಿಂದಲೇ ಚಿತ್ರಿತರಾಗಿದ್ದಾರೆ. ಅವರ ಗುಡಿಸಲಿನ ಒಳಗೆ ಕಾದಂಬರಿ ಹೆಚ್ಚು ಹೊತ್ತು ಕುಳಿತುಕೊಳ್ಳುವುದಿಲ್ಲ.

ಮುಂಬಯಿಯ ಓದುಗರಿಗೆ ಇದು ಹೆಚ್ಚು ಹೊಳೆಯಬೇಕು. ಕಾರಂತರು ಹುಟ್ಟಿದ್ದು 1902ರಲ್ಲಿ. ಅದೇ ವರ್ಷ ಈ ನಗರದಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಸ್ಥಾಪನೆಯಾಯಿತು. ಕರಾವಳಿಯಿಂದ ಬಂದ ಮೀನುಗಾರರ ಮಕ್ಕಳು ಪುರೋಹಿತರ ಮಕ್ಕಳಿಗಿಂತ ಮೊದಲೇ ಇಲ್ಲಿ ಸಂಘಟಿತರಾದರು. ಹಗಲು ದುಡಿಯುವವರಿಗಾಗಿ ರಾತ್ರಿ ಶಾಲೆ ನಡೆಸಿದರು. ತಮ್ಮದೇ ಪತ್ರಿಕೆ ಮಾಡಿಕೊಂಡರು. ಅಂದರೆ ಅದೇ ದಂಡೆಯಿಂದ ಹೊರಟು ಬಂದ ಇನ್ನೊಂದು ಕಾದಂಬರಿ ಇಲ್ಲಿಯೇ ನಡೆಯುತ್ತಿತ್ತು. ಅದನ್ನು ಯಾರೂ ‘ಮರಳಿ ಮಣ್ಣಿಗೆ’ಯಷ್ಟು ಸಮರ್ಥವಾಗಿ ಬರೆಯಲಿಲ್ಲ. ಆ ಜನರಿಗೆ ಮರಳಲು ಮಣ್ಣೇ ಇರಲಿಲ್ಲ, ನೀರಿತ್ತು. ಅವರ ಮರಳುವಿಕೆಗೆ ಬೇರೆ ಹೆಸರು ಬೇಕಾಗುತ್ತಿತ್ತು.

ಕಾರಂತರು ಈ ಪ್ರಶ್ನೆಯನ್ನು ಅರಿಯದವರೆಂದು ಹೇಳಿದರೆ ಮಾತ್ರ ದೊಡ್ಡ ಅನ್ಯಾಯವಾದೀತು. ‘ಮರಳಿ ಮಣ್ಣಿಗೆ’ಗೆ ಎಂಟು ವರ್ಷ ಮೊದಲು, 1933ರಲ್ಲಿ, ಅವರು ‘ಚೋಮನ ದುಡಿ’ಯನ್ನು ಬರೆದಿದ್ದರು. ಚೋಮನಿಗೆ ಇದ್ದುದು ಒಂದೇ ಆಸೆ. ಎರಡು ಎತ್ತು ಕಟ್ಟಿ ತಾನೇ ಬೇಸಾಯ ಮಾಡಬೇಕು. ಧಣಿ ಸಂಕಪ್ಪಯ್ಯನ ಮನಸ್ಸು ಸ್ವಲ್ಪ ಕರಗಿದರೂ ಅವರ ತಾಯಿ ಒಪ್ಪುವುದಿಲ್ಲ. ಹೊಲೆಯ ಗೇಣಿಗೆ ಗದ್ದೆ ಮಾಡುವುದು ಎಲ್ಲಿಯಾದರೂ ಉಂಟೆ? ಚೋಮ ಮಣ್ಣಿನ ಮೇಲೆ ಜೀವಮಾನವಿಡೀ ದುಡಿದ; ಮಣ್ಣು ಅವನದಾಗಲಿಲ್ಲ. ಈ ಎರಡು ಕಾದಂಬರಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಓದಬೇಕೆಂಬುದು ನನ್ನ ಸೂಚನೆ. ರಾಮ ಮಣ್ಣಿಗೆ ಮರಳಬಲ್ಲ. ಅದು ಅವನ ಅಜ್ಜನದು. ಚೋಮ ಮಣ್ಣನ್ನು ಬಿಟ್ಟು ಹೋಗಿರಲೇ ಇಲ್ಲ; ಆದರೂ ಅದನ್ನು ತಲುಪಲಿಲ್ಲ. ಒಬ್ಬನೇ ಲೇಖಕ ಎರಡನ್ನೂ ಬರೆದ ಎಂಬುದು ಕಾರಂತರ ಹಿರಿಮೆ. ನಾವು ಒಂದನ್ನು ನೆನಪಿಗಾಗಿ, ಇನ್ನೊಂದನ್ನು ಮರುಕಕ್ಕಾಗಿ ಬೇರೆಬೇರೆಯಾಗಿ ಓದಿಕೊಂಡದ್ದು ನಮ್ಮ ಅನುಕೂಲ.

ಆಮೇಲೆ ಕಾನೂನೇ ಈ ಎರಡು ಕಥೆಗಳಿಗೂ ಒಂದು ಮುಂದಿನ ಅಧ್ಯಾಯ ಬರೆಯಿತು. ತಿದ್ದುಪಡಿಯಾದ ಕರ್ನಾಟಕ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಏಳನೆಯ ನಮೂನೆಯ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ನಿಂತರು; ಉಳುವವರಿಗೆ ಭೂಮಿ ಬಂತು. ಗೇಣಿಯ ಮೇಲೆಯೇ ನಿಂತಿದ್ದ ದಕ್ಷಿಣ ಕನ್ನಡದಂಥ ಜಿಲ್ಲೆಯಲ್ಲಿ ಇದರಿಂದ ಆದ ಪಲ್ಲಟ ಸಣ್ಣದಲ್ಲ. ಮುಂಬಯಿಯ ಕೋಣೆಗಳಲ್ಲಿ ಆ ದಿನಗಳಲ್ಲಿ ನಡೆದ ಮಾತುಕತೆ ನನ್ನ ಕಿವಿಯಲ್ಲಿ ಇನ್ನೂ ಇದೆ. “ನಮ್ಮ ಗದ್ದೆ ಹೋಯಿತು” ಎಂದು ಮರುಗಿದವರೇ ಹೆಚ್ಚು. “ನಮಗೆ ಗದ್ದೆ ಬಂತು” ಎಂದವರೂ ಇದೇ ನಗರದಲ್ಲಿದ್ದರು. ಅದೇ ಹೊಟೇಲುಗಳ ಅಡಿಗೆಮನೆಯಲ್ಲಿ, ಅದೇ ಗಿರಣಿಗಳ ಪಾಳಿಯಲ್ಲಿ. ಆದರೆ ನಮ್ಮ ಕೂಟಗಳಲ್ಲಿ ಮಾತನಾಡುತ್ತಿದ್ದವರು ಮೊದಲಿನವರು. ಗಂಡನಿಲ್ಲದೆ ಎರಡು ಗದ್ದೆಯ ಗೇಣಿಯನ್ನೇ ನಂಬಿದ್ದ ಕೆಲವು ಮುದುಕಿಯರಿಗೂ ಆಗ ಕಷ್ಟವಾಯಿತೆಂಬುದು ನಿಜ. ಸರಸೋತಿಯಂಥವರು ಅವರು. ಸೂರನಿಗೆ ನ್ಯಾಯ ಸಿಗುವಾಗ ಸರಸೋತಿಗೆ ಅನ್ಯಾಯವಾಗುವ ಸಂದರ್ಭವೊಂದನ್ನು ಕಾರಂತರ ಅಳತೆಯ ಕಾದಂಬರಿಕಾರನೇ ಬರೆಯಬೇಕಾಗಿತ್ತು.

ನನ್ನ ಸೋದರತ್ತೆಯೊಬ್ಬಳು ಹೀಗೆಯೇ ಕಡಲ ದಂಡೆಯ ಮನೆಯಲ್ಲಿ ಕೊನೆಯವರೆಗೂ ಒಬ್ಬಳೇ ಇದ್ದಳು. ನಾವು ಎರಡು ವರ್ಷಕ್ಕೊಮ್ಮೆ ಹೋದಾಗ ಅಂಗಳ ಗುಡಿಸಿರುತ್ತಿತ್ತು, ಬಾವಿಗೆ ಹಗ್ಗವಿರುತ್ತಿತ್ತು, ಮಾಡಿನ ಒಡೆದ ಹಂಚು ಬದಲಾಗಿರುತ್ತಿತ್ತು. ಅದೆಲ್ಲ ಯಾರು ಮಾಡಿದರು, ಯಾವಾಗ ಮಾಡಿದರು ಎಂದು ನಾನು ಕೇಳಿದ್ದೇ ಇಲ್ಲ. ತಿಂಗಳಿಗೆ ಕಳುಹಿಸುತ್ತಿದ್ದ ಹಣದ ಲೆಕ್ಕ ಮಾತ್ರ ನನಗೆ ಗೊತ್ತಿತ್ತು. ಅವಳು ತೀರಿಕೊಂಡ ಎರಡನೆಯ ಮಳೆಗಾಲಕ್ಕೆ ಮನೆಯ ಪಡುವಣ ಗೋಡೆ ಕುಸಿಯಿತು. ಈ ಸಲ ಪಾರೋತಿ, ಸರಸೋತಿಯರು ಕಟ್ಟಿಗೆ ಎಳೆಯುವ ಪುಟಗಳನ್ನು ಓದುವಾಗ ನಾನು ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಡಬೇಕಾಯಿತು.

ಈಗ ಕಾಲ ಬಹಳ ಮುಂದೆ ಬಂದಿದೆ. ಮಂಗಳೂರಿಗೂ ಮುಂಬಯಿಗೂ ನಡುವೆ ಓಡಾಡುತ್ತಿದ್ದ, ಮಳೆಗಾಲದಲ್ಲಿ ನಿಂತುಬಿಡುತ್ತಿದ್ದ ಉಗಿಹಡಗುಗಳು ಇಂದು ನೆನಪು ಮಾತ್ರ. ಕೊಂಕಣ ರೈಲುಮಾರ್ಗ 1998ರಲ್ಲಿ ಪೂರ್ತಿಯಾದ ಮೇಲೆ ಸಂಜೆ ಇಲ್ಲಿ ರೈಲು ಹತ್ತಿದವನು ಮರುದಿನ ಕುಂದಾಪುರದಲ್ಲಿ ಇಳಿಯುತ್ತಾನೆ. ಮರಳುವ ದಾರಿ ಎಂದಿಲ್ಲದಷ್ಟು ಹತ್ತಿರವಾಗಿದೆ. ಆದರೂ ಬೀಗ ಹಾಕಿದ ಮನೆಗಳ ಸಂಖ್ಯೆ ಕಡಿಮೆಯಾದಂತೆ ಕಾಣುವುದಿಲ್ಲ. ನಿವೃತ್ತಿಯ ಮೇಲೆ ಊರಿನಲ್ಲಿ ಮನೆ ಕಟ್ಟಿಸಿ, ಆರು ತಿಂಗಳಿದ್ದು, ಆಸ್ಪತ್ರೆ ದೂರವೆಂದೋ ಮೊಮ್ಮಕ್ಕಳು ಇಲ್ಲಿದ್ದಾರೆಂದೋ ಹಿಂದಿರುಗಿದ ಎಷ್ಟೋ ಮಂದಿ ನಮ್ಮ ನಡುವೆ ಇದ್ದಾರೆ. ಅವರನ್ನು ಹಳಿಯುವ ಅಧಿಕಾರ ನನಗಿಲ್ಲ.

‘ಮರಳಿ ಮಣ್ಣಿಗೆ’ಯ ಸ್ಥಾನ ಈ ಆಕ್ಷೇಪಗಳಿಂದ ಕುಗ್ಗುವುದಿಲ್ಲ. ಕಡಲ ದಂಡೆಯ ಒಂದು ಸಣ್ಣ ಊರಿನ ಐವತ್ತು ಅರುವತ್ತು ವರ್ಷಗಳ ಬದುಕು ಇಷ್ಟು ವಿವರವಾಗಿ, ಇಷ್ಟು ನಿರುದ್ವಿಗ್ನವಾಗಿ ಕನ್ನಡದಲ್ಲಿ ಬೇರೆಲ್ಲಿಯೂ ದಾಖಲಾಗಿಲ್ಲ. ಅದು ಒಂದು ಮನೆಯ ಜಗಲಿಯಿಂದ ಕಂಡ ಊರು ಎಂಬುದನ್ನು ಮರೆಯದೆ ಓದಿದರೆ ಕೃತಿ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ. ಉಳಿದ ಮನೆಗಳ ಜಗಲಿಯಿಂದ ಕಂಡ ಊರನ್ನು ಬರೆಯುವ ಕೆಲಸ ಬಾಕಿಯಿದೆ. ಅದಕ್ಕೆ ಬೇಕಾದ ನೆನಪುಗಳು ಊರಿನಲ್ಲಿರುವಷ್ಟೇ ಈ ನಗರದ ಸಾಕಿನಾಕಾ, ವರ್ಸೋವಾ, ಅಂಧೇರಿ, ಡೊಂಬಿವಲಿಗಳ ಮನೆಗಳಲ್ಲೂ ಇವೆ. ಮುದುಕರ ಬಾಯಲ್ಲಿ ಇವೆ. ನಮ್ಮ ಸ್ಮರಣ ಸಂಚಿಕೆಗಳು ಮುಂದಿನ ಸಲ ಸ್ಥಳಪುರಾಣಕ್ಕೆ ಮೀಸಲಿಟ್ಟ ಪುಟಗಳಲ್ಲಿ ಅರ್ಧವನ್ನಾದರೂ ಅವರಿಗೆ ಕೊಡಬಾರದೆ?

ಅಂದು ಕೂಟದಲ್ಲಿ “ಅದು ನಮ್ಮದೇ ಕಥೆ” ಎಂದ ಹಿರಿಯರನ್ನು ಮೊನ್ನೆ ಮತ್ತೆ ಕಂಡೆ. ಊರಿನ ಮನೆಯನ್ನು ಯಾರು ನೋಡಿಕೊಳ್ಳುತ್ತಿದ್ದಾರೆಂದು ಕೇಳಿದೆ. “ತಂಗಿ ಇದ್ದಾಳಲ್ಲ,” ಎಂದರು. ಅವಳ ವಯಸ್ಸು ಎಪ್ಪತ್ತೆಂಟು ಎಂದು ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ ಹೇಳಿದರು.